ಮರುದಿನವೂ ಕೆಲಸಕ್ಕೆ ಬರುವ ಇಂಜಿನ್

(ರೈಲು ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ರೈಲಿನ ಗೀಳು ಹತ್ತಿದ ನಾಲ್ಕು ಜನ ಒಂದೆಡೆ ಸೇರಿದರೆ ಮಾತು ಇಂಜಿನ್‌ಗಳ ಕಡೆ ಹೊರಳಲು ಹೆಚ್ಚು ಹೊತ್ತು ಬೇಕಿಲ್ಲ. ಹೊರಳಿದ ಮೇಲೆ ಮೊದಲು ಕೇಳಿಬರುವುದು ಹಾರ್ಸ್‌ಪವರ್ ಲೆಕ್ಕ. ಇದಕ್ಕೆ ನಾಲ್ಕು ಸಾವಿರ, ಅದಕ್ಕೆ ಆರು ಸಾವಿರ, ಹಾಗಾದರೆ ಅದೇ ದೊಡ್ಡದು. ಪ್ರಯಾಣಿಕರ ರೈಲಿಗೆ ಈ ಲೆಕ್ಕ ಬಹುಮಟ್ಟಿಗೆ ಸರಿ. ಗೂಡ್ಸ್ ವಿಷಯಕ್ಕೆ ಬಂದರೆ ಸರಿಯಲ್ಲ ಎಂಬುದು ನನ್ನ ಬಲವಾದ ಅಭಿಪ್ರಾಯ. ಸರಕು ರೈಲು ನಡೆಸುವವರ ಐವತ್ತು ಅರವತ್ತು ವರ್ಷದ ಆಯ್ಕೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಅವರು ಕೊನೆಗೆ ನೆಚ್ಚಿಕೊಂಡದ್ದು ಯಾವುದರ ಕಾಯಿಲೆಗಳೆಲ್ಲ ರಿಪೇರಿ ಶೆಡ್ಡಿನವರಿಗೆ ಬಾಯಿಪಾಠವಾಗಿದ್ದವೋ ಅಂಥ ಇಂಜಿನ್‌ಗಳನ್ನು. ಇವತ್ತು ಆ ಸಂಗತಿಯನ್ನೇ ಬಿಡಿಸಿ ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ಎಳೆತದ ಮಾತು, ಒಂದು ಸಣ್ಣ ಲೆಕ್ಕದೊಂದಿಗೆ. 5,000 ಟನ್ ತೂಕದ ರೈಲು 1:100ರ ಏರು ಹತ್ತಬೇಕು ಎಂದಿಟ್ಟುಕೊಳ್ಳಿ. ನೂರು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ಬರಿಗಣ್ಣಿಗೆ ಅದು ಏರು ಎಂದೇ ಅನಿಸುವುದಿಲ್ಲ. ಆದರೆ ಗುರುತ್ವಾಕರ್ಷಣೆ ಆ ರೈಲನ್ನು ಸುಮಾರು 490 ಕಿಲೋನ್ಯೂಟನ್ ಬಲದಿಂದ ಹಿಂದಕ್ಕೆ ಜಗ್ಗುತ್ತದೆ. ಗಾಲಿ, ಬೇರಿಂಗುಗಳ ತಡೆ ಟನ್ನಿಗೆ 20 ನ್ಯೂಟನ್ ಎಂದು ಹಿಡಿದರೆ ಇನ್ನೊಂದು 100. ಒಟ್ಟು 590. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಇಷ್ಟು ಬಲ ಹಾಕಲು ಗಾಲಿಯ ಹತ್ತಿರ ಬೇಕಾದ ಶಕ್ತಿ ಎಷ್ಟು? ಸುಮಾರು 2,200 ಹಾರ್ಸ್‌ಪವರ್ ಮಾತ್ರ. ಮೂರು ಸಾವಿರದ ಹಳೆಯ ಡೀಸೆಲ್‌ನಲ್ಲೂ ಅಷ್ಟು ಶಕ್ತಿ ಇರುತ್ತದೆ. ಆದರೂ ಆ ಡೀಸೆಲ್ ಒಂದೇ ಆ ರೈಲನ್ನು ಅಲ್ಲಾಡಿಸಲಾರದು. ಭಾರತದ ವಿದ್ಯುತ್ ಗೂಡ್ಸ್ ಇಂಜಿನ್ ಡಬ್ಲ್ಯುಎಜಿ-9ಗೆ ಆರು ಸಾವಿರ ಹಾರ್ಸ್‌ಪವರ್ ಇದೆ; ಅದರ ಆರಂಭದ ಎಳೆತ ಸುಮಾರು 460 ಕಿಲೋನ್ಯೂಟನ್. ಅದೂ ಒಂಟಿಯಾಗಿ ಈ ರೈಲನ್ನು ಹತ್ತಿಸಲಾರದು. ಶಕ್ತಿ ಉಳಿದಿರುತ್ತದೆ, ಬಲ ಸಾಲುವುದಿಲ್ಲ.

ಬಲ ಏಕೆ ಸಾಲುವುದಿಲ್ಲ ಎಂದರೆ, ಉಕ್ಕಿನ ಗಾಲಿ ಉಕ್ಕಿನ ಹಳಿಯನ್ನು ಹಿಡಿಯುವುದಕ್ಕೆ ಒಂದು ಮಿತಿ ಇದೆ. ಡಬ್ಲ್ಯುಎಜಿ-9ರ ತೂಕ 123 ಟನ್. ಆ ತೂಕದ ಶೇ 38ರಷ್ಟನ್ನು ಅದು ಎಳೆತವಾಗಿ ಬದಲಾಯಿಸುತ್ತದೆ ಎಂದರೆ ಅದು ಸಾಮಾನ್ಯ ಸಾಧನೆಯಲ್ಲ. ಮಳೆ ಹನಿದು ಹಳಿ ತೇವವಾದರೆ ಹಿಡಿತ ಶೇ 20ರ ಆಸುಪಾಸಿಗೆ ಬೀಳಬಹುದು. ಆಗ ಅದೇ ಇಂಜಿನ್ ಅರ್ಧ ಇಂಜಿನ್ ಆಗುತ್ತದೆ, ಚಾಲಕ ಮರಳು ಬಿಟ್ಟುಕೊಂಡು ಹೆಜ್ಜೆ ಹೆಜ್ಜೆಗೂ ಹೋರಾಡಬೇಕಾಗುತ್ತದೆ. ಜೋರು ಮಳೆಗಿಂತ ಸಣ್ಣ ತುಂತುರು ಕೆಟ್ಟದ್ದು. ಜೋರು ಮಳೆ ಹಳಿಯನ್ನು ತೊಳೆದುಬಿಡುತ್ತದೆ. ತುಂತುರು ಅಲ್ಲಿನ ತುಕ್ಕು, ಧೂಳು, ಎಣ್ಣೆಯೊಂದಿಗೆ ಬೆರೆತು ಹಳಿಗೆ ಲೇಪ ಹಚ್ಚುತ್ತದೆ.

ಗಾಲಿ ಜಾರಲೇಬಾರದು ಎಂದು ಬಹಳ ಕಾಲ ತಿಳಿದಿದ್ದರು. ಜಾರಿತೆಂದ ಕೂಡಲೇ ಶಕ್ತಿ ಕಡಿತ, ಮತ್ತೆ ನಿಧಾನವಾಗಿ ಏರಿಕೆ. ಆಮೇಲೆ ಗೊತ್ತಾದದ್ದು, ಗಾಲಿ ಹಳಿಗಿಂತ ತುಸು ಹೆಚ್ಚು ವೇಗದಲ್ಲಿ ತಿರುಗುತ್ತಾ, ನಿಯಂತ್ರಣದಲ್ಲಿ ಒಂದಿಷ್ಟು ಜಾರುತ್ತಾ ಇದ್ದಾಗಲೇ ಹಿಡಿತ ಅತಿ ಹೆಚ್ಚು ಎಂದು. ಇದನ್ನು ಕ್ರೀಪ್ ಎನ್ನುತ್ತಾರೆ. ನೆಲಕ್ಕೆ ರೇಡಾರ್ ಬೀರಿ ನಿಜವಾದ ವೇಗ ಅಳೆದು, ಗಾಲಿಯ ವೇಗದೊಂದಿಗೆ ಹೋಲಿಸಿ, ಜಾರಿಕೆಯನ್ನು ಬೇಕಾದಷ್ಟರಲ್ಲೇ ಹಿಡಿದಿಡುವ ವ್ಯವಸ್ಥೆ 1980ರ ದಶಕದಲ್ಲಿ ಅಮೆರಿಕದ ಇಂಜಿನ್‌ಗಳಿಗೆ ಬಂತು. ನನ್ನ ಮಟ್ಟಿಗೆ ಗೂಡ್ಸ್ ಇಂಜಿನ್‌ನ ಚರಿತ್ರೆಯಲ್ಲಿ ಯಾವ ಹೊಸ ಡೀಸೆಲ್ ಯಂತ್ರಕ್ಕಿಂತಲೂ ಇದು ದೊಡ್ಡ ಹೆಜ್ಜೆ.

ಇನ್ನೊಂದು ಹೆಜ್ಜೆ ಎಸಿ ಮೋಟಾರ್. ಈ ಡೀಸೆಲ್ ಇಂಜಿನ್‌ಗಳಲ್ಲೂ ಗಾಲಿ ತಿರುಗಿಸುವುದು ಡೀಸೆಲ್ ಯಂತ್ರ ಹುಟ್ಟಿಸಿದ ಕರೆಂಟ್‌ನಿಂದ ಓಡುವ ಮೋಟಾರೇ. ಹಳೆಯ ಡಿಸಿ ಮೋಟಾರ್ ನಿಧಾನ ವೇಗದಲ್ಲಿ ಭಾರೀ ಕರೆಂಟ್ ಎಳೆದು ಬಿಸಿಯಾಗುತ್ತದೆ. ಹಾಗಾಗಿ ಪ್ರತಿ ಇಂಜಿನ್‌ಗೂ ಇದಕ್ಕಿಂತ ನಿಧಾನವಾಗಿ ಹೆಚ್ಚು ಹೊತ್ತು ಎಳೆಯಬೇಡ ಎಂಬ ಕನಿಷ್ಠ ವೇಗ ಇತ್ತು. ಏರಿನ ಮಧ್ಯೆ ವೇಗ ಅದಕ್ಕಿಂತ ಕೆಳಗೆ ಬಿದ್ದರೆ ಚಾಲಕ ಆಂಪಿಯರ್ ಮುಳ್ಳು ನೋಡಿಕೊಂಡು ನಿಮಿಷ ಎಣಿಸಬೇಕು. ಎಸಿ ಮೋಟಾರ್‌ನಲ್ಲಿ ಕಮ್ಯುಟೇಟರ್ ಇಲ್ಲ, ಕಾರ್ಬನ್ ಬ್ರಷ್ ಇಲ್ಲ. ಆಮೆನಡಿಗೆಯಲ್ಲಿಯೂ ಪೂರ್ತಿ ಬಲದಿಂದ ಎಳೆಯುತ್ತಲೇ ಇರಬಲ್ಲದು.

ಅದರ ಫಲ ಅಮೆರಿಕದ ಕಲ್ಲಿದ್ದಲು ರೈಲುಗಳಲ್ಲಿ ಕಂಡಿತು. ವಯೋಮಿಂಗ್‌ನ ಪೌಡರ್ ರಿವರ್ ಗಣಿಗಳಿಂದ ಹೊರಡುವ ರೈಲುಗಳಿಗೆ ಬರ್ಲಿಂಗ್ಟನ್ ನಾರ್ದರ್ನ್ ಕಂಪನಿ ಡಿಸಿ ಮೋಟಾರಿನ ಹಳೆಯ ಡೀಸೆಲ್ ಇಂಜಿನ್ ಎಸ್‌ಡಿ40-2 ಐದು ಹಾಕುತ್ತಿತ್ತು. 1993ರಿಂದ ಬರತೊಡಗಿದ ಎಸಿ ಮೋಟಾರಿನ ಎಸ್‌ಡಿ70ಮ್ಯಾಕ್ ಮೂರು ಹಾಕಿದರೆ ಸಾಕಾಯಿತು. ಐದು ಹಳೆಯವುಗಳದ್ದು ತಲಾ 3,000ದಂತೆ 15,000 ಹಾರ್ಸ್‌ಪವರ್. ಮೂರು ಹೊಸವುಗಳದ್ದು ತಲಾ 4,000ದಂತೆ 12,000. ಮೂರು ಸಾವಿರ ಹಾರ್ಸ್‌ಪವರ್ ಕಡಿಮೆ ಇಟ್ಟುಕೊಂಡು ಅದೇ ಕೆಲಸ ನಡೆಯಿತು. ಶಕ್ತಿಯ ಲೆಕ್ಕವನ್ನೇ ಹಿಡಿದು ವಾದಿಸುವ ಗೆಳೆಯರಿಗೆ ನಾನು ಯಾವಾಗಲೂ ಕೊಡುವ ಉದಾಹರಣೆ ಇದು.

ಈ ಲೆಕ್ಕಕ್ಕೆ ಇನ್ನೊಂದು ಮಗ್ಗುಲಿದೆ. ಐದರಲ್ಲಿ ಒಂದು ಕೈಕೊಟ್ಟರೆ ಐದನೇ ಒಂದು ಭಾಗ ಹೋಯಿತು; ಉಳಿದ ನಾಲ್ಕು ಹೇಗೋ ಮಾಡಿ ರೈಲನ್ನು ಮುಂದಿನ ನಿಲ್ದಾಣ ಮುಟ್ಟಿಸಬಹುದು. ಮೂರರಲ್ಲಿ ಒಂದು ಹೋದರೆ ಮೂರನೇ ಒಂದು ಭಾಗ. ಎರಡರಲ್ಲಿ ಒಂದು ಹೋದರೆ ರೈಲು ನಿಂತಲ್ಲೇ ನಿಲ್ಲುತ್ತದೆ, ಹಿಂದಿನ ರೈಲುಗಳೂ ಸಾಲಾಗಿ ನಿಲ್ಲುತ್ತವೆ. ಇಂಜಿನ್‌ಗಳ ಸಂಖ್ಯೆ ಇಳಿದಷ್ಟೂ ಪ್ರತಿಯೊಂದರ ವಿಶ್ವಾಸಾರ್ಹತೆ ಏರಲೇಬೇಕು. ಇದನ್ನು ಮರೆತಾಗ ಏನಾಯಿತು ಎಂಬುದು 1990ರ ದಶಕದ ಕೊನೆಯ ಕಥೆ.

ಎಸಿ ಮೋಟಾರ್ ಗೆದ್ದ ಉತ್ಸಾಹದಲ್ಲಿ ಅಮೆರಿಕದ ಎರಡೂ ದೊಡ್ಡ ತಯಾರಕರು, ಅಂದರೆ ಜನರಲ್ ಮೋಟಾರ್ಸ್‌ನ ರೈಲು ಇಂಜಿನ್ ವಿಭಾಗವಾದ ಇಎಂಡಿ ಮತ್ತು ಜನರಲ್ ಎಲೆಕ್ಟ್ರಿಕ್ (ಜಿಇ), 6,000 ಹಾರ್ಸ್‌ಪವರ್‌ಗೆ ಕೈಹಾಕಿದರು. ಮೂರರ ಜಾಗದಲ್ಲಿ ಎರಡು ಸಾಕು ಎಂಬ ಆಸೆ. ಇಎಂಡಿಯದು ಎಸ್‌ಡಿ90ಮ್ಯಾಕ್-ಎಚ್, ಒಳಗೆ ಹೊಚ್ಚಹೊಸ 265ಎಚ್ ಯಂತ್ರ. ದಶಕಗಟ್ಟಲೆ ಟೂ-ಸ್ಟ್ರೋಕ್ ಮಾಡಿಕೊಂಡು ಬಂದ ಕಂಪನಿಯ ಫೋರ್-ಸ್ಟ್ರೋಕ್ ಯಂತ್ರ ಅದು. ಜಿಇಯದು ಎಸಿ6000ಸಿಡಬ್ಲ್ಯು, ಜರ್ಮನಿಯ ಡಾಯ್ಟ್ಸ್ ಜೊತೆ ಸೇರಿ ರೂಪಿಸಿದ ಹೊಸ ಯಂತ್ರ. ಎರಡರಲ್ಲೂ ಎಸಿ ಮೋಟಾರ್, ಅದಕ್ಕೆ ಕರೆಂಟ್ ಹದಮಾಡಿ ಕೊಡುವ ಇನ್ವರ್ಟರ್ ಬಂದು ಇನ್ನೂ ಕೆಲವೇ ವರ್ಷ; ಅದರ ಮೇಲೆ ಡೀಸೆಲ್ ಯಂತ್ರವೂ ಹೊಸದು. ಕೆಟ್ಟು ನಿಂತಾಗ ಎಲ್ಲಿಂದ ಹುಡುಕಲು ಶುರು ಮಾಡಬೇಕೆಂದು ಹೇಳಬಲ್ಲ ಅನುಭವಿಗಳು ಯಾವ ಶೆಡ್ಡಿನಲ್ಲೂ ಇರಲಿಲ್ಲ. ಆಸ್ಟ್ರೇಲಿಯಾದ ಕಬ್ಬಿಣದ ಅದಿರಿನ ಹಾದಿಯಲ್ಲಿ 2001ರ ಜೂನ್‌ನಲ್ಲಿ ಎಂಟು ಎಸಿ6000ಗಳು 682 ವ್ಯಾಗನ್‌ಗಳ, 99,734 ಟನ್‌ಗಳ, ಏಳು ಕಿಲೋಮೀಟರಿಗೂ ಉದ್ದದ ರೈಲನ್ನು ಎಳೆದು ದಾಖಲೆ ಬರೆದವು. ಆ ಸಾಧನೆಗೆ ಗೌರವ ಸಲ್ಲಬೇಕು. ಆದರೆ ದಿನನಿತ್ಯದ ದುಡಿಮೆಯಲ್ಲಿ ಅಮೆರಿಕದ ರೈಲು ಕಂಪನಿಗಳು ಈ ವರ್ಗವನ್ನು ಮುಂದುವರಿಸಲಿಲ್ಲ. ಎಸ್‌ಡಿ90ಮ್ಯಾಕ್-ಎಚ್‌ಗಳು ವಯಸ್ಸಾಗುವ ಮುನ್ನವೇ ಮೂಲೆ ಸೇರಿದವು. ಖರೀದಿ ಮತ್ತೆ 4,300, 4,400ರ ಮಟ್ಟಕ್ಕೆ ಮರಳಿತು. ಇವತ್ತಿಗೂ ಅಲ್ಲೇ ಇದೆ.

ಇದೇ ಪಾಠ ಅದಕ್ಕೂ ಮೊದಲು ಎರಡು ಸಲ ಬಂದು ಹೋಗಿತ್ತು. 1965ರಲ್ಲಿ ಬಂದ ಇಎಂಡಿಯ ಎಸ್‌ಡಿ45ಗೆ ಇಪ್ಪತ್ತು ಸಿಲಿಂಡರ್, 3,600 ಹಾರ್ಸ್‌ಪವರ್. ಅದರ ಉದ್ದನೆಯ ಕ್ರ್ಯಾಂಕ್‌ಶಾಫ್ಟ್ ತಲೆನೋವಾಯಿತು, ಡೀಸೆಲ್ ಖರ್ಚೂ ಹೆಚ್ಚು. ಪಕ್ಕದಲ್ಲೇ ಹದಿನಾರು ಸಿಲಿಂಡರಿನ 3,000 ಹಾರ್ಸ್‌ಪವರಿನ ಎಸ್‌ಡಿ40 ಸದ್ದಿಲ್ಲದೆ ದುಡಿಯುತ್ತಿತ್ತು. ಕೊನೆಗೆ ಗೆದ್ದದ್ದು ಅದೇ: 1972ರಲ್ಲಿ ಎಸ್‌ಡಿ40-2 ಆಗಿ ಬಂದು ಸುಮಾರು ನಾಲ್ಕು ಸಾವಿರ ತಯಾರಾದವು. ಆಮೇಲೆ 1980ರ ದಶಕದ ಆರಂಭದಲ್ಲಿ ಎಸ್‌ಡಿ40-2ರಲ್ಲಿದ್ದ, 645 ಎಂಬ ಹೆಸರಿನ ಡೀಸೆಲ್ ಯಂತ್ರವನ್ನೇ ನಿಮಿಷಕ್ಕೆ 900 ಸುತ್ತಿನಿಂದ 950ಕ್ಕೆ ಏರಿಸಿ, 3,500 ಹಾರ್ಸ್‌ಪವರ್ ಹಿಂಡಿ ಎಸ್‌ಡಿ50 ಮಾಡಿದರು. ಐವತ್ತು ಸುತ್ತು ಏನು ಮಹಾ ಅನಿಸಬಹುದು. ಆದರೆ ಯಂತ್ರ ತನ್ನ ಮಿತಿಯ ಅಂಚಿನಲ್ಲಿತ್ತು, ಕೆಡತೊಡಗಿತು. ಗ್ರಾಹಕರು ಜಿಇ ಕಡೆ ಮುಖ ಮಾಡಿದ ಕಾರಣಗಳಲ್ಲಿ ಅದೂ ಒಂದು.

ಇದಕ್ಕೆ ತಿರುಗುಮುರುಗಾದ ಜಾಣತನ ಬ್ರಿಟನ್ನಿನಲ್ಲಿ ಕಾಣುತ್ತದೆ. ಅಲ್ಲಿನ ಕ್ಲಾಸ್ 47, 512 ತಯಾರಾದ ಇಂಜಿನ್. ಅದರ ಸುಲ್ಜರ್ ಯಂತ್ರಕ್ಕೆ 2,750 ಹಾರ್ಸ್‌ಪವರ್ ನಿಗದಿಯಾಗಿತ್ತು. ಬಿರುಕುಗಳು ಕಾಣಿಸಿಕೊಂಡಾಗ 1960ರ ದಶಕದ ಮಧ್ಯದಲ್ಲಿ ಅದನ್ನು 2,580ಕ್ಕೆ ಇಳಿಸಿದರು. ಕಳೆದುಕೊಂಡದ್ದು 170 ಹಾರ್ಸ್‌ಪವರ್, ಗಳಿಸಿದ್ದು ಹಲವು ದಶಕಗಳ ಸೇವೆ.

ಬ್ರಿಟನ್ನಿನ ಮಾತು ಬಂದಮೇಲೆ ಅಲ್ಲಿನ ಎರಡು ಗೂಡ್ಸ್ ಇಂಜಿನ್‌ಗಳಾದ ಕ್ಲಾಸ್ 60 ಮತ್ತು ಕ್ಲಾಸ್ 66ರಲ್ಲಿ ಯಾವುದು ಮೇಲು ಎಂಬ ಆಸಕ್ತರ ಜಗಳವನ್ನು ಎತ್ತದಿರಲಾಗದು. ಇದರ ಬೇರು ಇನ್ನೊಂದು ಇಂಜಿನ್‌ನಲ್ಲಿದೆ. ಸಾಮರ್ಸೆಟ್‌ನ ಮೆರ್‌ಹೆಡ್ ಕಲ್ಲುಗಣಿಯ ಫಾಸ್ಟರ್ ಯೋಮನ್ ಕಂಪನಿಗೆ ತನ್ನ ಜಲ್ಲಿ ರೈಲುಗಳನ್ನು ಎಳೆಯಲು ಸಿಗುತ್ತಿದ್ದ ಇಂಜಿನ್‌ಗಳ ಮೇಲೆ ಭರವಸೆ ಹೋಗಿತ್ತು. ರಾಷ್ಟ್ರೀಯ ರೈಲ್ವೆಯ ಹಳಿಗಳ ಮೇಲೆ ಖಾಸಗಿ ಇಂಜಿನ್ ಓಡುವುದು ಊಹೆಗೂ ನಿಲುಕದ ಕಾಲದಲ್ಲಿ ಅದು ಜನರಲ್ ಮೋಟಾರ್ಸ್‌ನಿಂದ ಸ್ವಂತಕ್ಕೆ ನಾಲ್ಕು ಇಂಜಿನ್ ತರಿಸಿತು. 1986ರಲ್ಲಿ ಬಂದಿಳಿದ ಆ ಕ್ಲಾಸ್ 59ಗಳಲ್ಲಿ ಬೆರಗು ಹುಟ್ಟಿಸುವಂಥ ಹೊಸತೇನೂ ಇರಲಿಲ್ಲ. ಎಸ್‌ಡಿ40-2ರಲ್ಲಿ ವರ್ಷಗಟ್ಟಲೆ ಪಳಗಿದ 645 ಯಂತ್ರ, ಜೊತೆಗೆ ಆಗಲೇ ಹೇಳಿದ ಕ್ರೀಪ್ ನಿಯಂತ್ರಣ. ಅಷ್ಟೇ ಸಾಕಾಯಿತು. ದಿನ ಬೆಳಗಾದರೆ ಕೆಲಸಕ್ಕೆ ನಿಂತಿರುವ ಇಂಜಿನ್ ಎಂದರೆ ಹೇಗಿರುತ್ತದೆ ಎಂದು ಇಡೀ ದೇಶ ನೋಡಿತು.

ಬ್ರಿಟಿಷ್ ರೈಲ್ವೆಯ ಉತ್ತರ 1989ರಿಂದ 1993ರವರೆಗೆ ಲಾಫ್‌ಬರೋದಲ್ಲಿ ತಯಾರಾದ ನೂರು ಕ್ಲಾಸ್ 60. ಎಂಟು ಸಿಲಿಂಡರಿನ ಮಿರ್ಲೀಸ್ ಯಂತ್ರ, 3,100 ಹಾರ್ಸ್‌ಪವರ್, 500 ಕಿಲೋನ್ಯೂಟನ್ ಎಳೆತ. ಅದರ ಮೋಟಾರ್ ನಿಯಂತ್ರಣ ಎಷ್ಟು ನಯವೆಂದರೆ ಒದ್ದೆ ಹಳಿಯ ಮೇಲೆ ಭಾರದ ಎಣ್ಣೆ ಟ್ಯಾಂಕರುಗಳನ್ನು ಅದು ಎಬ್ಬಿಸಿಕೊಂಡು ಹೊರಡುವುದನ್ನು ನೋಡಿದವರು ಅದರ ಅಭಿಮಾನಿಗಳಾಗದೆ ಇರಲಾರರು. ಆದರೆ ಆರಂಭದ ವರ್ಷಗಳಲ್ಲಿ ಸಾಫ್ಟ್‌ವೇರ್ ತೊಂದರೆಗಳು ಕಾಡಿದವು. ಇಡೀ ಜಗತ್ತಿನಲ್ಲಿ ಇದ್ದದ್ದೇ ನೂರು. ಬಿಡಿಭಾಗ ಬೇಕೆಂದರೆ ಆ ನೂರಕ್ಕಾಗಿಯೇ ಮಾಡಿಸಬೇಕು.

1998ರಲ್ಲಿ ಬಂದ ಕ್ಲಾಸ್ 66 ಇದರ ತದ್ವಿರುದ್ಧ. ಬ್ರಿಟನ್ನಿನ ಸರಕು ರೈಲು ಕಂಪನಿ ಇಡಬ್ಲ್ಯುಎಸ್ ಒಮ್ಮೆಗೇ 250 ಆರ್ಡರ್ ಮಾಡಿತು. ಎಳೆತ 409 ಕಿಲೋನ್ಯೂಟನ್, ಕ್ಲಾಸ್ 60ಗಿಂತ ಸಾಕಷ್ಟು ಕಡಿಮೆ. ಒಳಗಿನ ಹನ್ನೆರಡು ಸಿಲಿಂಡರಿನ ಇಎಂಡಿ 710 ಯಂತ್ರ ಜಗತ್ತಿನ ಎಷ್ಟೋ ರೈಲ್ವೆಗಳಲ್ಲಿ ಬೇರೆ ಬೇರೆ ಅಳತೆಯಲ್ಲಿ ದುಡಿಯುತ್ತಿರುವ ಕುಟುಂಬದ್ದು. ಭಾರತಕ್ಕೆ 1999ರಲ್ಲಿ ಬಂದ ಡೀಸೆಲ್ ಗೂಡ್ಸ್ ಇಂಜಿನ್ ಡಬ್ಲ್ಯುಡಿಜಿ-4ರಲ್ಲಿರುವುದೂ ಅದೇ ಕುಟುಂಬದ ಹದಿನಾರು ಸಿಲಿಂಡರಿನ ಅಣ್ಣ. ಹೀಗಾಗಿ ಒಂದು ಕಡೆ ಕಲಿತ ರಿಪೇರಿ ಇನ್ನೊಂದು ಕಡೆಗೂ ಉಪಯೋಗಕ್ಕೆ ಬರುತ್ತದೆ. ಕ್ಲಾಸ್ 66 ಬಂದಮೇಲೆ ಎಷ್ಟೋ ಕ್ಲಾಸ್ 60ಗಳನ್ನು ಸೈಡಿಂಗುಗಳಲ್ಲಿ ನಿಲ್ಲಿಸಿಬಿಟ್ಟರು. ಆಸಕ್ತರಿಗೆ ಅದು ಇನ್ನೂ ಆರದ ನೋವು.

ನನ್ನ ತೀರ್ಪು ಕೇಳಿದರೆ, ಎಳೆತಕ್ಕೆ ಕ್ಲಾಸ್ 60 ಮೇಲು, ಆಯ್ಕೆಯಾಗಿ ಕ್ಲಾಸ್ 66 ಸರಿ. ಎರಡು ಮಾತೂ ಒಟ್ಟಿಗೆ ನಿಜವಾಗಿರಬಹುದು. ಮುಂದೆ ಅತಿ ಭಾರದ ರೈಲುಗಳಿಗಾಗಿ ಕೆಲವು ಕ್ಲಾಸ್ 60ಗಳನ್ನು ಪೂರ್ತಿ ದುರಸ್ತಿ ಮಾಡಿ ಮತ್ತೆ ಹಳಿಗೆ ತಂದರಲ್ಲ, ಅದೂ ಈ ಮಾತನ್ನೇ ಹೇಳುತ್ತದೆ. ಕ್ಲಾಸ್ 66ರ ಮೇಲಿನ ಒಂದು ಆಕ್ಷೇಪಣೆಯನ್ನಂತೂ ನಾನು ಪೂರ್ತಿ ಒಪ್ಪುತ್ತೇನೆ: ಚಾಲಕರ ಕ್ಯಾಬಿನ್ನಿನ ಸದ್ದು, ಅದುರು, ಸೆಕೆ. ಚಾಲಕರ ಸಂಘಗಳು ಅದರ ಬಗ್ಗೆ ವರ್ಷಗಟ್ಟಲೆ ದೂರಿವೆ. ಯಂತ್ರ ದಣಿಯದಿದ್ದರೆ ಸಾಲದು, ಅದರೊಳಗೆ ಹತ್ತು ಗಂಟೆ ಕೂರುವ ಮನುಷ್ಯನ ಕಿವಿ, ಬೆನ್ನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕಾಯಿಲೆ ಬಾಯಿಪಾಠವಾಗುವುದು ಎಂದೆನಲ್ಲ, ಅದನ್ನು ಹತ್ತಿರದಿಂದ ತೋರಿಸುತ್ತೇನೆ. ಇಎಂಡಿಯ 645, 710 ಯಂತ್ರಗಳ ತುದಿಯಲ್ಲಿ ಅಂಗೈಯಗಲದ ಒಂದು ಸಾಧನ ಇದೆ. ಅದರಲ್ಲಿ ಒಂದು ಗುಂಡಿ ತಂಪು ನೀರಿನದು, ಇನ್ನೊಂದು ಕ್ರ್ಯಾಂಕ್‌ಕೇಸ್, ಅಂದರೆ ಕ್ರ್ಯಾಂಕ್‌ಶಾಫ್ಟ್ ತಿರುಗುವ ತಳದ ಪೆಟ್ಟಿಗೆಯ, ಒತ್ತಡದ್ದು. ಯಂತ್ರ ಸರಿಯಾಗಿ ಓಡುವಾಗ ಕ್ರ್ಯಾಂಕ್‌ಕೇಸಿನ ಒಳಗೆ ಹೊರಗಿಗಿಂತ ತುಸು ಕಡಿಮೆ ಒತ್ತಡ ಇರುತ್ತದೆ. ನೀರು ಇಳಿದರೆ ನೀರಿನ ಗುಂಡಿ ಹೊರಗೆ ಚಿಮ್ಮುತ್ತದೆ, ಒಳಗಿನ ಒತ್ತಡ ಏರಿದರೆ ಇನ್ನೊಂದು. ಯಾವುದು ಚಿಮ್ಮಿದರೂ ಯಂತ್ರದ ವೇಗ ನಿಯಂತ್ರಿಸುವ ಗವರ್ನರ್‌ಗೆ ಹೋಗುವ ಎಣ್ಣೆಯ ಒತ್ತಡ ಬಿದ್ದು ಯಂತ್ರ ತಾನೇ ನಿಲ್ಲುತ್ತದೆ. ನೀರಿನ ಗುಂಡಿಯಾದರೆ ನೀರು ನೋಡಿ, ತುಂಬಿ, ಗುಂಡಿ ಒತ್ತಿ ಮತ್ತೆ ಶುರು ಮಾಡಬಹುದು. ಕ್ರ್ಯಾಂಕ್‌ಕೇಸಿನ ಗುಂಡಿ ಹೊರಬಂದಿದ್ದರೆ ಶುರು ಮಾಡುವಂತಿಲ್ಲ. ಎರಡು ಗಂಟೆ ಯಾವ ಮುಚ್ಚಳವನ್ನೂ ತೆರೆಯುವಂತಿಲ್ಲ. ಒಳಗಿನ ಬಿಸಿ ಎಣ್ಣೆಯ ಆವಿಗೆ ಗಾಳಿ ತಾಕಿದರೆ ಸ್ಫೋಟವಾಗಬಹುದು. ಕಂಪ್ಯೂಟರ್ ಪರದೆ ಇಲ್ಲದ ಕಾಲದಲ್ಲೇ ಎರಡು ಗುಂಡಿಗಳು ಚಾಲಕನಿಗೆ ಮುಂದೇನು ಮಾಡಬೇಕು, ಏನು ಮಾಡಬಾರದು ಎಂದು ತಿಳಿಸುತ್ತಿದ್ದವು.

ಅದೇ ಯಂತ್ರದ ಪಿಸ್ಟನ್ ಪಿನ್ನಿನ ಬೇರಿಂಗ್ ಮೇಲೆ ಬೆಳ್ಳಿಯ ಲೇಪ ಇರುತ್ತದೆ. ಹಾಗಾಗಿ ಜಿಂಕ್ ಬೆರೆಸಿದ ಎಂಜಿನ್ ಆಯಿಲ್ ಇದಕ್ಕೆ ಹಾಕಕೂಡದು, ಅದು ಬೆಳ್ಳಿಯನ್ನು ತಿನ್ನುತ್ತದೆ. ಶೆಡ್ಡಿನಲ್ಲಿ ಎಣ್ಣೆಯ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕೊಡುತ್ತಾರೆ. ಬೆಳ್ಳಿಯ ಅಂಶ ಏರುತ್ತಿದ್ದರೆ ಪಿನ್ ಬೇರಿಂಗ್ ಸವೆಯುತ್ತಿದೆ. ತಾಮ್ರ, ಸೀಸ ಏರಿದರೆ ಬೇರೆ ಬೇರಿಂಗುಗಳನ್ನು ನೋಡಬೇಕು. ಯಂತ್ರ ಇನ್ನೂ ಚೆನ್ನಾಗಿಯೇ ಓಡುತ್ತಿರುತ್ತದೆ, ಆದರೆ ಶೆಡ್ಡಿಗೆ ಆಗಲೇ ಸುದ್ದಿ ಮುಟ್ಟಿದೆ. ಕೆಟ್ಟದ್ದು ಸಿಲಿಂಡರ್ ಆಗಿದ್ದರೆ ತಲೆ, ಲೈನರ್, ಪಿಸ್ಟನ್, ಕನೆಕ್ಟಿಂಗ್ ರಾಡ್ ಎಲ್ಲ ಒಂದೇ ಕಟ್ಟಾಗಿ ಹೊರಗೆ ಬರುತ್ತದೆ, ಸಿದ್ಧವಿರುವ ಇನ್ನೊಂದು ಕಟ್ಟು ಒಳಗೆ ಕೂರುತ್ತದೆ. ಇಡೀ ಯಂತ್ರವನ್ನು ಕೆಳಗಿಳಿಸುವ ಅಗತ್ಯವಿಲ್ಲ.

ಹಾಗಾಗಿ ವಿಶ್ವಾಸಾರ್ಹತೆ ಎಂದಾಗ ಎರಡು ಅಳತೆಗಳನ್ನು ಬೇರೆಬೇರೆಯಾಗಿ ನೋಡಿ. ಕೆಡದೆ ಎಷ್ಟು ಕಿಲೋಮೀಟರ್ ಓಡಿತು ಎಂಬುದು ಒಂದು. ಕೆಟ್ಟ ಮೇಲೆ ಎಷ್ಟು ಬೇಗ ಮತ್ತೆ ಕೆಲಸಕ್ಕೆ ಸಿಕ್ಕಿತು ಎಂಬುದು ಇನ್ನೊಂದು. ಅಪರೂಪಕ್ಕೆ ಕೆಟ್ಟು, ಕೆಟ್ಟರೆ ಮೂರು ವಾರ ಬಿಡಿಭಾಗಕ್ಕಾಗಿ ಕಾಯುವ ಇಂಜಿನ್‌ಗಿಂತ, ಆಗಾಗ ಸಣ್ಣದಾಗಿ ಕೆಟ್ಟು ಸಂಜೆಗೆ ಸರಿಯಾಗುವ ಇಂಜಿನ್ ಸರಕು ಸಾಗಣೆಯವರಿಗೆ ಎಷ್ಟೋ ಮೇಲು. ಹಾದಿಯಲ್ಲಿ ರೈಲು ನಿಲ್ಲಿಸುವ ದೋಷಗಳು ಸಾಮಾನ್ಯವಾಗಿ ದೊಡ್ಡವೂ ಆಗಿರುವುದಿಲ್ಲ. ಸಡಿಲವಾದ ಕನೆಕ್ಟರ್, ಕಟ್ಟಿಕೊಂಡ ಡೀಸೆಲ್ ಫಿಲ್ಟರ್, ಗಾಳಿ ಸೋರುವ ಪೈಪು, ಸುಳ್ಳು ಹೇಳುವ ಸೆನ್ಸರ್. ಅದರಲ್ಲೂ ಕೊನೆಯದು ಬಹಳ ಕಷ್ಟದ್ದು. ಹಾದಿಯಲ್ಲಿ ಇಂಜಿನ್ ನಿಂತಿರುತ್ತದೆ, ಶೆಡ್ಡಿಗೆ ತಂದು ಪರೀಕ್ಷಿಸಿದರೆ ಎಲ್ಲ ಸರಿ ಎಂದು ತೋರಿಸುತ್ತದೆ, ಮರುದಿನ ಅದೇ ಏರಿನಲ್ಲಿ ಮತ್ತೆ ನಿಲ್ಲುತ್ತದೆ.

ಭಾರತದ ಡಬ್ಲ್ಯುಎಜಿ-12ಬಿ ಈ ದೃಷ್ಟಿಯಿಂದ ಗಮನಿಸಬೇಕಾದದ್ದು. 12,000 ಹಾರ್ಸ್‌ಪವರ್, 180 ಟನ್, ಎರಡು ಭಾಗಗಳನ್ನು ಜೋಡಿಸಿದ ಇಂಜಿನ್. ಒಂದು ಭಾಗಕ್ಕೆ ತೊಂದರೆಯಾದರೂ ಇನ್ನೊಂದರ ಬಲ ಉಳಿಯುತ್ತದೆ, ಅಂದರೆ ಎರಡರಲ್ಲೊಂದು ಕೆಡುವ ಪ್ರಶ್ನೆಗೆ ರಚನೆಯಲ್ಲೇ ಒಂದು ಉತ್ತರ ಇದೆ. ಮಧೇಪುರಾದಲ್ಲಿ 800 ಇಂಜಿನ್ ತಯಾರಿಸುವ ಒಪ್ಪಂದದ ಜೊತೆಗೇ ಸಹಾರನ್‌ಪುರ, ನಾಗಪುರದ ನಿರ್ವಹಣಾ ಡಿಪೊಗಳೂ ಬಂದವು. ಇಂಜಿನ್ ಮಾರಿದವರೇ ಅದನ್ನು ಸುಸ್ಥಿತಿಯಲ್ಲಿಡುವ ಹೊಣೆಯಲ್ಲೂ ಪಾಲುಗೊಳ್ಳುವ ಈ ಪದ್ಧತಿ ಒಳ್ಳೆಯದೆಂದೇ ನನ್ನ ಎಣಿಕೆ, ಕೈಕೆಲಸದ ಜ್ಞಾನ ರೈಲ್ವೆಯ ಸ್ವಂತ ಸಿಬ್ಬಂದಿಗೂ ಇಳಿದು ಬರುವುದಾದರೆ.

ಅಮೆರಿಕದಲ್ಲಿ 2015ರಿಂದ ಹೊಗೆಯ ನಿಯಮಗಳು ಬಿಗಿಯಾದವು. 710 ಯಂತ್ರಕ್ಕೆ ಆ ಮಟ್ಟ ಮುಟ್ಟಲಾಗದೆ ಇಎಂಡಿ ಮತ್ತೆ ಹೊಸ ಫೋರ್-ಸ್ಟ್ರೋಕ್ ಯಂತ್ರ ಮಾಡಬೇಕಾಯಿತು. ಆದರೆ ರೈಲು ಕಂಪನಿಗಳು ಹೊಸದನ್ನು ಕೊಳ್ಳಲು ಮುಗಿಬೀಳಲಿಲ್ಲ. ನಾರ್ಫೋಕ್ ಸದರ್ನ್‌ನಂಥವರು ತಮ್ಮ ಹಳೆಯ ಡಿಸಿ ಇಂಜಿನ್‌ಗಳನ್ನು ಬಿಚ್ಚಿ, ಪರಿಚಿತ ಡೀಸೆಲ್ ಯಂತ್ರವನ್ನು ಉಳಿಸಿಕೊಂಡು, ಎಸಿ ಮೋಟಾರ್, ಹೊಸ ನಿಯಂತ್ರಣ ಜೋಡಿಸಿ ಮತ್ತೆ ಹಳಿಗಿಳಿಸಿದರು. ಗೊತ್ತಿರುವ ಯಂತ್ರದ ಮೇಲಿನ ನಂಬಿಕೆ ಎಷ್ಟು ಗಟ್ಟಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಪರಿಸರದ ದೃಷ್ಟಿಯಿಂದ ಇದಕ್ಕೆ ಬೆಲೆ ತೆರಬೇಕಾಗುತ್ತದೆ ಎಂಬುದನ್ನೂ ಹೇಳಲೇಬೇಕು. ಹಳೆಯ ಯಂತ್ರದ ಹೊಗೆ ಹಳೆಯದೇ.

ಮಾತು ಮುಗಿಸಿದ ಮೇಲೆ ಸಭಿಕರೊಬ್ಬರು ನೇರವಾಗಿ ಕೇಳಿದರು: ಇಷ್ಟೆಲ್ಲ ಹೇಳಿದಿರಿ ಸಾರ್, ಒಂದನ್ನೇ ಆರಿಸಿ ಎಂದರೆ ಯಾವುದು? ಕರೆಂಟ್ ಇಲ್ಲದ ಹಾದಿ, ಭಾರದ ಅದಿರು, ಮಧ್ಯೆ ಒಂದು ಗಟ್ಟಿ ಏರು ಎಂದಾದರೆ ನಾನು ಹಿಂಜರಿಯದೆ ಜಿಇಯ ಇಎಸ್44ಎಸಿ ಎನ್ನುತ್ತೇನೆ. ಹಿಂದಿನ ಹದಿನಾರು ಸಿಲಿಂಡರ್ ಕೊಡುತ್ತಿದ್ದ 4,400 ಹಾರ್ಸ್‌ಪವರನ್ನೇ ಅದು ಹನ್ನೆರಡರಲ್ಲಿ ಕೊಡುತ್ತದೆ, ಅಂದರೆ ಕೆಡಬಹುದಾದ ಸಿಲಿಂಡರುಗಳೇ ನಾಲ್ಕು ಕಡಿಮೆ. ಎಸಿ ಮೋಟಾರ್ ಇದೆ, 2005ರಿಂದ ಸಾವಿರಗಟ್ಟಲೆ ಓಡಿ ಅದರ ದೋಷಗಳೆಲ್ಲ ಬಯಲಿಗೆ ಬಂದಿವೆ. ಆದರೆ ಒಂದು ರೈಲಿಗೆ ಎರಡು ಸಾಕು ಎಂದು ಲೆಕ್ಕ ಹೇಳಿದರೂ ಮೂರು ಹಾಕುತ್ತೇನೆ, ಶೆಡ್ಡಿನ ಉಗ್ರಾಣ ತುಂಬುವವರೆಗೆ ಮೊದಲ ರೈಲನ್ನು ಹೊರಡಿಸುವುದಿಲ್ಲ.